ರಜೆಗೆ ಬಂದ ಮೊಮ್ಮಗುವಿಗೆ ಒಂದು ಕುಂಡ, ಒಂದು ಲೋಟ ನೀರು

ಮೊಮ್ಮಗುವಿನ ಜೊತೆ ಸೇರಿ ಗಿಡ ಬೆಳೆಸೋಣ ಎಂದು ಹೊರಟವರು ಮೊದಲು ಕೈ ಹಾಕುವುದು ಟೊಮೆಟೊಗೆ. ಬೀಜ ಹಾಕಿ, ಸಸಿ ಮಾಡಿ, ನೆಟ್ಟು, ಹಣ್ಣು ಕೀಳುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಮಗು ರಜೆ ಮುಗಿಸಿ ಹೊರಟುಹೋಗಿರುತ್ತದೆ, ಇಲ್ಲವೇ ಕುಂಡದ ಕಡೆ ತಿರುಗಿಯೂ ನೋಡದಷ್ಟು ಬೇಜಾರಾಗಿರುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಬೆಳೆ ಆರಿಸುವಾಗ ನೋಡಬೇಕಾದದ್ದು ಎರಡೇ ವಿಷಯ: ಬಿತ್ತಿದ್ದು ವಾರದೊಳಗೆ ತಲೆ ಎತ್ತಬೇಕು, ತಿಂಗಳು-ಒಂದೂವರೆ ತಿಂಗಳೊಳಗೆ ತಟ್ಟೆಗೆ ಬರಬೇಕು. ಟೊಮೆಟೊ, ಬದನೆ, ದಪ್ಪ ಮೆಣಸಿನಕಾಯಿ ಬೇಕೇ ಬೇಕು ಅಂದರೆ ನರ್ಸರಿಯಿಂದ ಸಸಿ ತಂದು ನೆಡಿ. ಆದರೆ ಅದನ್ನು ನಿಮ್ಮ ಗಿಡ ಎಂದುಕೊಳ್ಳಿ, ಮಗುವಿನ ಲೆಕ್ಕಕ್ಕೆ ಹಿಡಿಯಬೇಡಿ.

ಬೆಂಗಳೂರಿನ ಹವೆ ಇದಕ್ಕೆಲ್ಲ ಹೇಳಿ ಮಾಡಿಸಿದ್ದು, ನಿಜ. ಆದರೆ ಮೊಮ್ಮಕ್ಕಳು ಬಂದಿಳಿಯುವುದು ಏಪ್ರಿಲ್-ಮೇ ತಿಂಗಳಲ್ಲಿ, ವರ್ಷದ ಅತಿ ಕಷ್ಟದ ಎರಡು ತಿಂಗಳಲ್ಲಿ. ಆಗ ಕೊತ್ತಂಬರಿ ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂವಿಗೆ ಹೋಗುತ್ತದೆ, ಪಾಲಕ್ ಸೊರಗುತ್ತದೆ, ಕ್ಯಾರೆಟ್ ಸರಿಯಾಗಿ ಮೊಳೆಯುವುದೇ ಇಲ್ಲ. ಬೇಸಿಗೆ ರಜೆಗೆ ಹರಿವೆ ಅಥವಾ ದಂಟಿನ ಸೊಪ್ಪು, ಬೆಂಡೆ, ಅಲಸಂದೆ, ಬಸಳೆ ಸರಿ. ಬೆಂಡೆ, ಅಲಸಂದೆ ಕಾಯಿ ಕಚ್ಚಲು 45ರಿಂದ 50 ದಿನ ಬೇಕಾದ್ದರಿಂದ ರಜೆಯ ಮೊದಲ ವಾರವೇ ಬಿತ್ತಬೇಕು. ದಸರಾ ರಜೆಗೆ ಬರುವವರಿಗೆ ಮೆಂತ್ಯ, ಮೂಲಂಗಿ, ಹುರುಳಿಕಾಯಿ (ಬೀನ್ಸ್) ಒಳ್ಳೆಯದು. ಮೂಲಂಗಿ 40 ದಿನದ ಮೇಲೆ ತೆಗೆದುಕೊಂಡರೂ ಅದರ ಭುಜ ಮಣ್ಣಿನಿಂದ ಮೇಲೆ ಇಣುಕುವುದರಿಂದ ಮಕ್ಕಳು ಕಾಯುತ್ತಾರೆ. ಬಟಾಣಿಗೆ ನವೆಂಬರ್ ಬರಲಿ.

ಅವರೆಕಾಯಿ ಪ್ರಿಯರಿಗೆ ಒಂದು ಎಚ್ಚರಿಕೆ. ನಾಡ ತಳಿಯ ಅವರೆ ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಾಕಿದರೆ ತಿಂಗಳುಗಟ್ಟಲೆ ಬರೀ ಬಳ್ಳಿ, ಎಲೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಂಗಿಲ್ಲ, ಯಾವ ಕಾಲಕ್ಕಾದರೂ ಹೂ ಬಿಡುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ' ತಳಿಗಳೂ ಕುಂಡಕ್ಕೆ ಹೊಂದುತ್ತವೆ: ಹಸಿರು ಹರಿವೆಗೆ ಅರ್ಕಾ ಸುಗುಣ, ಕೆಂಪಿಗೆ ಅರ್ಕಾ ಅರುಣಿಮಾ, ಬೆಂಡೆಗೆ ಅರ್ಕಾ ಅನಾಮಿಕ, ಬಳ್ಳಿಯಾಗಿ ಹಬ್ಬದೆ ಪೊದೆಯಾಗಿ ಬೆಳೆಯುವ ಹುರುಳಿಕಾಯಿಗೆ ಅರ್ಕಾ ಕೋಮಲ್.

ಜಾಗಕ್ಕೆ ಮೊದಲು ಬಿಸಿಲು ಲೆಕ್ಕ ಹಾಕಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಅಂದರೆ ತಾರಸಿಯೇ ಆಗಬೇಕು. ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಬೆಳಗಿನ ಮೂರ್ನಾಲ್ಕು ಗಂಟೆ ಸಿಕ್ಕರೆ ಸೊಪ್ಪು ಬರುತ್ತದೆ. ಉತ್ತರದ ಬಾಲ್ಕನಿಯಾದರೆ ಪುದೀನ, ದೊಡ್ಡಪತ್ರೆಗೆ ತೃಪ್ತಿಪಡಿ.

ಕುಂಡಗಳನ್ನು ಎಲ್ಲೇ ಇಡಿ, ಗ್ರಿಲ್ ಅಥವಾ ಪ್ಯಾರಪೆಟ್ ಗೋಡೆಗೆ ಒತ್ತಿ ಮಾತ್ರ ಇಡಬೇಡಿ. ಮಣ್ಣು ತುಂಬಿದ ಕುಂಡ ನಾಲ್ಕು ವರ್ಷದ ಮಗುವಿಗೆ ಮೆಟ್ಟಿಲು. ಗೋಡೆಯಿಂದ ಮೂರಡಿ ಈಚೆಗಿರಲಿ. ಸ್ಟೂಲು, ಬಕೆಟ್ಟು, ಮಣ್ಣಿನ ಚೀಲವೂ ಅಷ್ಟೇ. ಅಗಲ ಬೇಸಿನ್‌ಗಳನ್ನು ಎರಡು ವರಸೆ ಸಿಮೆಂಟ್ ಬ್ಲಾಕ್ ಮೇಲೆ, ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಇಟ್ಟರೆ ಮಗುವಿನ ಕೈಗೂ ಎಟುಕುತ್ತದೆ, ಮಣೆ ಹಾಕಿ ಕೂತ ಅಜ್ಜಿಯ ಮಂಡಿಗೂ ಶಿಕ್ಷೆಯಿಲ್ಲ.

ಮಣ್ಣು ಕಲಸುವುದು

ಈ ಕೆಲಸಕ್ಕೆ ಮಕ್ಕಳನ್ನು ಕರೆಯಬೇಕಾಗಿಯೇ ಇಲ್ಲ, ತಾವೇ ಬರುತ್ತಾರೆ. ಒಂದೇ ಡಬ್ಬಿಯಲ್ಲಿ ಅಳೆಯಿರಿ: ಕೆಂಪು ಮಣ್ಣು ಎರಡು, ನೆನೆಸಿ ಹಿಂಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. 9 ಇಂಚಿನ ಗ್ರೋ ಬ್ಯಾಗ್‌ಗೆ (ಗಿಡ ಬೆಳೆಸುವ ಚೀಲ) ಸುಮಾರು 9 ಲೀಟರ್ ಮಿಶ್ರಣ ಹಿಡಿಸುತ್ತದೆ, 12 ಇಂಚಿನದಕ್ಕೆ 20 ಲೀಟರ್. ಬ್ಯಾಗ್ ಒಂದಕ್ಕೆ ಒಂದು ಹಿಡಿ ಬೇವಿನ ಹಿಂಡಿ ನೀವೇ ಬೆರೆಸಿ. ಡಬ್ಬಿ ಎಣಿಸುವ ಜವಾಬ್ದಾರಿ ಮಗುವಿನದು.

650 ಗ್ರಾಂನ ಕೋಕೋಪೀಟ್ ಇಟ್ಟಿಗೆ ಸುಮಾರು ಮೂರು ಲೀಟರ್ ನೀರು ಕುಡಿದು ಏಳೆಂಟು ಲೀಟರ್‌ನಷ್ಟು ಉಬ್ಬುತ್ತದೆ. ಬಕೆಟ್‌ನಲ್ಲಿ ಅದು ಬಿರಿಯುವುದನ್ನು ನೋಡಲು ಮಕ್ಕಳು ಅರ್ಧ ಗಂಟೆ ಅಲ್ಲಾಡದೆ ಕೂರುತ್ತಾರೆ. 'ತೊಳೆದದ್ದು' ಎಂದು ಬರೆದಿರದಿದ್ದರೆ ಎರಡು ಸಲ ನೆನೆಸಿ, ಹಿಂಡಿ, ನೀರು ಚೆಲ್ಲಿ. ತೆಂಗಿನ ನಾರಿನಲ್ಲಿ ಉಳಿದ ಉಪ್ಪು ಎಳೆ ಸಸಿಯ ಎಲೆಯಂಚನ್ನು ಸುಡುತ್ತದೆ.

ಮಣ್ಣು ಎಲ್ಲಿಂದ ಬಂತು ಎನ್ನುವುದು ಮುಖ್ಯ. ಮನೆ ಕಟ್ಟಲು ಪಾಯ ತೆಗೆದ ಮಣ್ಣಿನಲ್ಲಿ ಸಾರವೂ ಇರುವುದಿಲ್ಲ, ಸಿಮೆಂಟ್ ಚೂರು, ಗಾಜು, ಮೊಳೆ ಇರುತ್ತವೆ. ಸಿಮೆಂಟ್ ಮಣ್ಣನ್ನು ಕ್ಷಾರವಾಗಿಸುತ್ತದೆ, ಎಲೆ ಹಳದಿಯಾಗಿ ನಿಲ್ಲುತ್ತದೆ. ಯಾವ ಮಣ್ಣೇ ಆಗಲಿ, ಮಗುವಿನ ಕೈಗೆ ಹೋಗುವ ಮುಂಚೆ ದೊಡ್ಡವರು ಜರಡಿ ಹಿಡಿಯಬೇಕು. ಬರೀ ಕೆಂಪು ಮಣ್ಣು ತುಂಬುವುದೂ ಬೇಡ: 12 ಇಂಚಿನ ಬ್ಯಾಗ್ ನೀರು ಕುಡಿದರೆ 30 ಕಿಲೋ ದಾಟುತ್ತದೆ, ಅರವತ್ತು ದಾಟಿದವರು ಅದನ್ನು ಎಳೆದಾಡುವ ಹಾಗಿಲ್ಲ.

ಕಲಸಿದ್ದು ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತೇವದ ಮಿಶ್ರಣವನ್ನು ಮಗು ಉಂಡೆ ಕಟ್ಟಲಿ, ಬೆರಳಲ್ಲಿ ಚುಚ್ಚಲಿ. ಪುಡಿಯಾಗಿ ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ಜೇಡಿ ಹೆಚ್ಚು, ಇನ್ನರ್ಧ ಡಬ್ಬಿ ಕೋಕೋಪೀಟ್ ಹಾಕಿ. ಉಂಡೆಯೇ ಕಟ್ಟದಿದ್ದರೆ ಮಣ್ಣು ಅಥವಾ ಗೊಬ್ಬರ ಸೇರಿಸಿ. ಕುಂಡದ ಬಾಯಿಯಿಂದ ಎರಡು ಬೆರಳು ಕೆಳಗೆ ನಿಲ್ಲಿಸಬೇಕು. ಅಂಚಿನ ತನಕ ತುಂಬಿದರೆ ಮೊದಲ ದಿನದ ನೀರಿಗೇ ಬೀಜ ತೇಲಿ ಹೊರಗೆ ಬೀಳುತ್ತದೆ.

ಬೀಜ

ಅಡುಗೆಮನೆಯ ಮೆಂತ್ಯ, ಹೆಸರುಕಾಳು, ಸಾಸಿವೆ, ಧನಿಯ ಹುರಿಯದೇ ಇದ್ದರೆ ಸಾಕು, ಮೊಳೆಯುತ್ತವೆ. ಹಳೆಯದೋ ಹೊಸದೋ ಅನುಮಾನವಿದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೂರ್ನಾಲ್ಕು ದಿನ ಬಿಟ್ಟು ಎಣಿಸಿ. ಏಳು ಮೊಳೆತರೆ ಬಿತ್ತಬಹುದು, ಐದಕ್ಕಿಂತ ಕಡಿಮೆಯಾದರೆ ಬೇರೆ ತನ್ನಿ. ಧನಿಯವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ. ಹಾಗಿದ್ದರೂ ಅದು ಎಂಟರಿಂದ ಹನ್ನೆರಡು ದಿನ ಕಾಯಿಸುತ್ತದೆ, ಮಗುವಿನ ಮೊದಲ ಬೆಳೆಗೆ ಅದು ಬೇಡ ಎನ್ನಲು ಇದೂ ಒಂದು ಕಾರಣ.

ಅಂಗಡಿಯ ಪ್ಯಾಕೆಟ್ ಬಿಚ್ಚಿದಾಗ ಬೀಜ ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಬಳಿದಂತೆ ಕಂಡರೆ ಅದು ಥೈರಾಮ್‌ನಂಥ ಶಿಲೀಂಧ್ರನಾಶಕದ ಲೇಪ. ಪೆಪ್ಪರ್‌ಮಿಂಟಿನ ಹಾಗೆ ಕಾಣುವುದರಿಂದಲೇ ಅಪಾಯ. ಅದನ್ನು ಮಗುವಿನ ಕೈಗೆ ಕೊಡಲೇಬಾರದು. ಇನ್ನು ಮೂರು ವರ್ಷದೊಳಗಿನವರಿಗೆ ಯಾವ ಕಾಳೂ ಬೇಡ. ಮೂಗಿಗೆ ಹಾಕಿಕೊಂಡ ಅಲಸಂದೆ ಕಾಳು ತೇವಕ್ಕೆ ಊದಿಕೊಳ್ಳುತ್ತದೆ, ಚಿಮಟಿಗೆ ಹಿಡಿದು ತೆಗೆಯಲು ಹೋದರೆ ಇನ್ನಷ್ಟು ಒಳಗೆ ಸರಿಯುತ್ತದೆ. ಹಾಗೇನಾದರೂ ಆದರೆ ನೇರ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಆ ವಯಸ್ಸಿನವರು ಮಣ್ಣು ತುಂಬಲಿ, ನೀರು ಹಾಕಲಿ.

ಹರಿವೆ ಬಿತ್ತುವ ಬಗೆ ಹೀಗೆ. 16 ಇಂಚು ಅಗಲ, 6ರಿಂದ 8 ಇಂಚು ಆಳದ ಪ್ಲಾಸ್ಟಿಕ್ ಬೇಸಿನ್ ತೆಗೆದುಕೊಂಡು ತಳದಲ್ಲಿ ಪೆನ್ಸಿಲ್ ದಪ್ಪದ ಏಳೆಂಟು ತೂತು ಮಾಡಿ. ಬೀಜ ಎರಡು ಚಿಟಿಕೆ ಸಾಕು. ಸಾಸಿವೆಗಿಂತಲೂ ಸಣ್ಣ ಬೀಜ. ಮಗುವಿನ ಮುಷ್ಟಿಯಿಂದ ಬಿತ್ತಿದರೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಒತ್ತಾಗಿ ಎದ್ದ ಸಸಿಗಳ ನಡುವೆ ಗಾಳಿಯಾಡದೆ ಬುಡ ಕೊಳೆತು, ರಾತ್ರೋರಾತ್ರಿ ಮಲಗಿಬಿಡುತ್ತವೆ. ಆದ್ದರಿಂದ ನಾಲ್ಕು ಚಮಚ ಒಣ ಮರಳಿಗೆ ಬೀಜ ಬೆರೆಸಿ, ಮುಚ್ಚಳದಲ್ಲಿ ತೂತಿರುವ ಖಾಲಿ ಉಪ್ಪಿನ ಡಬ್ಬಿಗೆ ತುಂಬಿ ಕೊಡಿ. ಅಲ್ಲಾಡಿಸುವುದು ಮಗುವಿನ ಕೆಲಸ. ಮರಳು ಬಿದ್ದ ಜಾಗ ಬಿಳಿಚಿಕೊಂಡು ಕಾಣುವುದರಿಂದ ಎಲ್ಲಿ ಬಿತ್ತಾಯಿತು, ಎಲ್ಲಿ ಬಾಕಿ ಎಂದು ಅದಕ್ಕೇ ಗೊತ್ತಾಗುತ್ತದೆ. ಮೇಲೆ ತೆಳುವಾಗಿ, ಬೀಜ ಮರೆಯಾಗುವಷ್ಟು ಮಾತ್ರ ಎರೆಗೊಬ್ಬರ ಉದುರಿಸಿ, ಒದ್ದೆ ಗೋಣಿ ಮುಚ್ಚಿ. ಮೂರನೆಯ ದಿನದಿಂದ ಬೆಳಿಗ್ಗೆ ಎತ್ತಿ ನೋಡುತ್ತಿರಿ, ಒಂದೆರಡು ಮೊಳಕೆ ಕಂಡ ದಿನವೇ ಗೋಣಿ ತೆಗೆದುಬಿಡಬೇಕು. ತಡಮಾಡಿದರೆ ಸಸಿ ಬೆಳ್ಳಗೆ ಉದ್ದುದ್ದ ಎಳೆದುಕೊಳ್ಳುತ್ತದೆ.

ಹರಿವೆ ಬೀಜಕ್ಕೆ ಇರುವೆ ಕಾಟ ಜಾಸ್ತಿ, ಸಾಲು ಹಿಡಿದು ಹೊತ್ತೊಯ್ಯುತ್ತವೆ. ಬೇಸಿನ್ನಿನ ಹೊರಗೆ ನೆಲದ ಮೇಲೆ ಒಂದು ಚಮಚ ರವೆ ಚೆಲ್ಲಿದರೆ ಎರಡು ದಿನ ಅವುಗಳಿಗೆ ಅದೇ ಕೆಲಸ. ಇರುವೆ ಪುಡಿ ಮಾತ್ರ ಬೇಡ, ಮಗು ಅಲ್ಲೇ ಕೈ ಆಡಿಸುತ್ತದೆ.

ಬೆಂಡೆ, ಅಲಸಂದೆ, ಹುರುಳಿಕಾಯಿಯಂಥ ದಪ್ಪ ಬೀಜಕ್ಕೆ ಆಳದ ಅಳತೆ ಮಗುವಿನ ತೋರುಬೆರಳಿನ ಮೊದಲ ಗಿಣ್ಣು. 12 ಇಂಚಿನ ಬ್ಯಾಗ್‌ಗೆ ಮೂರು ಕುಳಿ, ಕುಳಿಗೊಂದು ಬೀಜ; ಹತ್ತು ದಿನದ ಮೇಲೆ ಬೆಂಡೆಯಾದರೆ ಗಟ್ಟಿಮುಟ್ಟಾದ ಒಂದನ್ನು, ಹುರುಳಿಕಾಯಿಯಾದರೆ ಎರಡನ್ನು ಉಳಿಸಿ. ತೆಗೆಯಬೇಕಾದದ್ದನ್ನು ಕೀಳದೆ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲ್ಲಾಡುತ್ತದೆ.

ಬಿತ್ತಿದ ಮರುದಿನವೇ ಮಗು ಮಣ್ಣು ಕೆದಕಿ ಬೀಜ ಹುಡುಕುತ್ತದೆ. ಬೈದು ಉಪಯೋಗವಿಲ್ಲ. ಬಿತ್ತಿದ ದಿನವೇ ಅದೇ ಬೀಜದ ಮೂರು ಕಾಳನ್ನು ಒಂದು ಗಾಜಿನ ಲೋಟದಲ್ಲಿ, ಗಾಜಿಗೂ ಒದ್ದೆ ಬಟ್ಟೆಗೂ ನಡುವೆ ಸಿಕ್ಕಿಸಿ ಅಡುಗೆಮನೆ ಕಟ್ಟೆಯ ಮೇಲಿಡಿ. ಮಣ್ಣಿನೊಳಗೆ ನಡೆಯುವುದೆಲ್ಲ ಅಲ್ಲೂ ನಡೆಯುತ್ತದೆ, ಕುಂಡದ ಬೀಜ ನೆಮ್ಮದಿಯಾಗಿರುತ್ತದೆ. ಹುರುಳಿಕಾಯಿ ಬೀಜವಾದರೆ ನೋಡಲು ಇನ್ನೂ ಚೆಂದ. ಮೊದಲು ಸಿಪ್ಪೆ ಸುಕ್ಕುಗಟ್ಟುತ್ತದೆ, ಕಣ್ಣಿನ ಪಕ್ಕದಿಂದ ಬಿಳಿ ಬೇರು ಹೊರಟು ಲೋಟವನ್ನು ಹೇಗೆ ತಿರುಗಿಸಿಟ್ಟರೂ ಕೆಳಕ್ಕೇ ಬಾಗುತ್ತದೆ, ಆಮೇಲೆ ಕಾಂಡ ಬೆನ್ನು ಬಗ್ಗಿಸಿಕೊಂಡು ಏಳುತ್ತದೆ. ಏಳುವಾಗ ಬೀಜದ ಸಿಪ್ಪೆ ಟೋಪಿಯಂತೆ ತಲೆಯ ಮೇಲೆ ಸಿಕ್ಕಿಕೊಂಡಿರುವುದುಂಟು. ಅದನ್ನು ಎಳೆದು ತೆಗೆಯುವ ಆಸೆ ಮಗುವಿಗೂ ಆಗುತ್ತದೆ, ತಾತನಿಗೂ ಆಗುತ್ತದೆ. ಎಳೆದರೆ ಬೇಳೆಯ ಜೊತೆ ಒಳಗಿನ ಕುಡಿಯೂ ಮುರಿದು ಗಿಡ ಬೋಳಾಗಿ ನಿಲ್ಲುತ್ತದೆ. ಬೆರಳ ತುದಿಯಿಂದ ಒಂದು ಹನಿ ನೀರು ಮುಟ್ಟಿಸಿದರೆ ಸಿಪ್ಪೆ ಮೆತ್ತಗಾಗಿ ಸಂಜೆಯೊಳಗೆ ತಾನೇ ಕಳಚುತ್ತದೆ.

ಬಿತ್ತಿದ ತಾರೀಖು, ಹೆಸರು ಐಸ್‌ಕ್ರೀಂ ಕಡ್ಡಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಲಿ. ಸ್ಕೆಚ್ ಪೆನ್ ಬಿಸಿಲಿಗೆ, ಮಳೆಗೆ ಎರಡೇ ವಾರದಲ್ಲಿ ಮಾಯ.

ನೀರೇ ಕೊಲ್ಲುವುದು

ಮಕ್ಕಳ ಕುಂಡದಲ್ಲಿ ಒಣಗಿ ಸತ್ತ ಗಿಡಕ್ಕಿಂತ ಕೊಳೆತು ಸತ್ತ ಗಿಡವೇ ಹೆಚ್ಚು. ನೀರು ಹಾಕುವುದು ಮಕ್ಕಳಿಗೆ ಆಟ, ದಿನಕ್ಕೆ ಹತ್ತು ಸಲ ಹಾಕುತ್ತಾರೆ. ಬೇಡ ಅನ್ನುವ ಬದಲು ಅಳತೆ ಕೊಡಿ. 250 ಮಿಲಿಯ ಸ್ಟೀಲ್ ಲೋಟವನ್ನು ಗಿಡದ ಲೋಟ ಎಂದು ಬೇರೆ ಇಡಿ. 9 ಇಂಚಿನ ಬ್ಯಾಗ್‌ಗೆ ಬೇಸಿಗೆಯಲ್ಲಿ ದಿನಕ್ಕೆ ಎರಡರಿಂದ ಮೂರು ಲೋಟ. ಚಳಿಗಾಲದಲ್ಲಿ ದಿನ ಬಿಟ್ಟು ದಿನ ಎರಡು ಲೋಟ. ಮಳೆ ಬಂದ ದಿನ ಸೊನ್ನೆ. ಹಾಕುವ ಮುಂಚೆ ಮಗು ಬೆರಳನ್ನು ಪೂರ್ತಿ ಮಣ್ಣಿಗೆ ಇಳಿಸಿ ನೋಡಲಿ. ತುದಿಗೆ ತಂಪು ತಗುಲಿ ಮಣ್ಣು ಅಂಟಿಕೊಂಡು ಬಂದರೆ ಇವತ್ತು ನೀರಿಲ್ಲ. ಈ ತೀರ್ಪು ಮಗುವಿನದೇ ಆಗಿರಲಿ, ಮಧ್ಯೆ ಬಾಯಿ ಹಾಕಬೇಡಿ.

ಕೈ ಸುಮ್ಮನಿರದ ಮಗುವಿಗೆ ಪುದೀನದ ಕುಂಡವನ್ನು ಒಪ್ಪಿಸಿ. ತೂತು ಸರಿಯಾಗಿದ್ದರೆ ಅದು ಬೇರೆ ಗಿಡಗಳಿಗಿಂತ ಹೆಚ್ಚು ನೀರು ತಡೆಯುತ್ತದೆ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲೇ ದಪ್ಪ ಕಾಂಡದ ನಾಲ್ಕು ಕಡ್ಡಿ ಆರಿಸಿ, ಕೆಳಗಿನ ಎಲೆ ಬಿಡಿಸಿ ನೀರಿನ ಲೋಟದಲ್ಲಿಟ್ಟರೆ ವಾರ-ಹತ್ತು ದಿನದಲ್ಲಿ ಬೇರು ಬರುತ್ತದೆ.

ಪೈಪು ಬೇಡ. ರಭಸಕ್ಕೆ ಬೀಜ ಎದ್ದು ಹೋಗುತ್ತದೆ, ಬೇಸಿಗೆ ಮಧ್ಯಾಹ್ನ ಪೈಪಿನೊಳಗಿನ ಮೊದಲ ನೀರು ಕೈ ಸುಡುವಷ್ಟು ಬಿಸಿ. ಅರ್ಧ ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ನೀವು ಹತ್ತು ತೂತು ಮಾಡಿಕೊಟ್ಟರೆ ಸಾಕು. ಅಂಗಡಿಯ ಹೂಜಿಗಿಂತ ಅದೇ ವಾಸಿ, ತೂಕ ಅರ್ಧ ಕಿಲೋ ಮಾತ್ರ.

ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರ ಒಣಗಿದ ಬಟ್ಟೆ ಮೇಲೆ ಕೆಂಪು ನೀರು ತೊಟ್ಟಿಕ್ಕದಿರಲು ಕುಂಡದಡಿ ತಟ್ಟೆ ಇಡುತ್ತೇವೆ. ಆ ತಟ್ಟೆಯಲ್ಲಿ ನಿಂತ ನೀರೇ ಡೆಂಗಿ ಸೊಳ್ಳೆಗೆ ಬಾಣಂತಿಮನೆ. ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕಾದ್ದರಿಂದ ವಾರಕ್ಕೆರಡು ಸಲ, ಬುಧವಾರ ಮತ್ತು ಭಾನುವಾರ ಅಂತ ಇಟ್ಟುಕೊಂಡು, ತಟ್ಟೆ ಚೆಲ್ಲಿ ಒಳಗೆ ಒಂದು ಸಲ ಉಜ್ಜಿ ತೊಳೆಯಬೇಕು. ಆರು ವರ್ಷದ ಮಗು ಇದನ್ನು ಚೆನ್ನಾಗಿ ಮಾಡುತ್ತದೆ.

ಹುಳು, ಔಷಧಿ, ಕೈ ತೊಳೆಯುವುದು

ಬೆಂಡೆಯ ಕುಡಿಗೆ ಹೇನು, ಬಿಳಿ ಹಿಟ್ಟು ತಿಗಣೆ ಬಂದೇ ಬರುತ್ತವೆ. ಮೊದಲು ಬಾಟಲಿ ನೀರು ಜೋರಾಗಿ ಹಾಯಿಸಿ ಉದುರಿಸಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಹೆಚ್ಚಿದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಮಿಲಿ ಸೋಪ್ ದ್ರಾವಣ ಕಲಕಿ ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸಿಂಪಡಿಸುವವರು ದೊಡ್ಡವರು, ಆಗ ಮಗು ಒಳಗಿರಲಿ. ಉಳಿದದ್ದನ್ನು ತಂಪು ಪಾನೀಯದ ಬಾಟಲಿಯಲ್ಲಿ ಎತ್ತಿಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ, ಮಕ್ಕಳಿರುವ ಮನೆಯಲ್ಲಿ ಅದು ನಡೆಯಬಾರದು.

ಎಲ್ಲ ಹುಳವನ್ನೂ ಕೊಲ್ಲಬೇಕಿಲ್ಲ. ಕರಿಬೇವಿನ, ನಿಂಬೆಯ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಕಪ್ಪು-ಬಿಳಿ ಹುಳು ಚಿಟ್ಟೆಯ ಮರಿ. ಬೆಳೆದಂತೆ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥ ಎರಡು ಬಣ್ಣದ ಎಳೆ ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಗಿಡ ಎರಡಡಿ ದಾಟಿದ್ದರೆ ಒಂದೆರಡು ಹುಳುವಿಗೆ ಎಲೆ ಬಿಟ್ಟುಕೊಡಿ, ಚಿಟ್ಟೆಯಾಗಿ ಹಾರುವ ತನಕ ಮಗುವಿಗೆ ಬೇರೆ ಕಾರ್ಟೂನ್ ಬೇಡ. ಮೈ ತುಂಬ ರೋಮವಿರುವ ಕಂಬಳಿ ಹುಳುವನ್ನು ಮಾತ್ರ ಮುಟ್ಟಕೂಡದು. ಮಳೆಗಾಲದಲ್ಲಿ ಗೋಡೆ ಹತ್ತುವ ದೊಡ್ಡ ಆಫ್ರಿಕನ್ ಬಸವನಹುಳುವನ್ನೂ ಬರಿಗೈಯಲ್ಲಿ ಹಿಡಿಯಬಾರದು, ಅದು ಮನುಷ್ಯರಿಗೆ ತಗಲುವ ಪರಾವಲಂಬಿ ಹುಳುವನ್ನು ಹೊತ್ತಿರಬಹುದು. ಅಂಗಳದಲ್ಲಿ ಕಣಗಿಲೆ, ದತ್ತೂರಿ, ಹರಳು, ಬಾಲ್ಕನಿಯಲ್ಲಿ ಡೈಫೆನ್‌ಬಾಕಿಯಾ ಇದ್ದರೆ ಮೊದಲ ದಿನವೇ ತೋರಿಸಿ 'ಇದು ಬಾಯಿಗಲ್ಲ' ಎಂದು ಹೇಳಿ. ಮೂರು ವರ್ಷದೊಳಗಿನವರು ಬಂದರೆ ಕುಂಡವನ್ನೇ ಎತ್ತಿಡಿ.

ಕೈಯಲ್ಲಿ ಗಾಯವಿದ್ದರೆ ಮಣ್ಣಿನ ಕೆಲಸ ಬೇಡ. ಐದರಿಂದ ಆರನೇ ವರ್ಷದ ಡಿಪಿಟಿ ಬೂಸ್ಟರ್ (ಧನುರ್ವಾಯುವನ್ನೂ ತಡೆಯುವ ಲಸಿಕೆ) ಆಗಿದೆಯೇ ಎಂದು ತಾಯಿಯನ್ನು ಒಮ್ಮೆ ಕೇಳಿಟ್ಟುಕೊಳ್ಳಿ. ಪಾರಿವಾಳದ ಹಿಕ್ಕೆ ಬಿದ್ದ ಕುಂಡವನ್ನು ನೀವೇ ಒದ್ದೆ ಮಾಡಿ ತೆಗೆಯಿರಿ, ಒಣಗಿದ್ದನ್ನು ಗುಡಿಸಿದರೆ ಧೂಳು ಎದ್ದು ಉಸಿರಿಗೆ ಸೇರುತ್ತದೆ.

ಕೆಲಸದ ಹೊತ್ತು ಬೆಳಿಗ್ಗೆ ಏಳರಿಂದ ಎಂಟು ಅಥವಾ ಸಂಜೆ ಐದರ ಮೇಲೆ, ಇಪ್ಪತ್ತು ನಿಮಿಷ. ಗುದ್ದಲಿ ಸೆಟ್ಟು ಕೊಳ್ಳುವ ಅಗತ್ಯವಿಲ್ಲ, ಬಡಿಸುವ ಹಳೆಯ ಸ್ಟೀಲ್ ಸೌಟು ಮತ್ತು ಮೊಂಡು ತುದಿಯ ಕತ್ತರಿ ಸಾಕು. ಮಗು ನೆಟ್ಟ ಸಾಲು ಸೊಟ್ಟಗಿದ್ದರೆ ಇರಲಿ. ಅದು ಮಲಗಿದ ಮೇಲೆ ಹೋಗಿ ಕಿತ್ತು ನೆಟ್ಟಗೆ ನೆಡುವ ಅಜ್ಜ-ಅಜ್ಜಿಯರಿದ್ದಾರೆ. ಬೆಳಿಗ್ಗೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಕೊಯ್ಲು, ಆಮೇಲೆ

ಹರಿವೆ 25ರಿಂದ 30 ದಿನಕ್ಕೆ ಬರುತ್ತದೆ. ಬೇರು ಸಮೇತ ಕೀಳದೆ ಮಣ್ಣಿನಿಂದ ಎರಡು ಇಂಚು ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಅರ್ಕಾ ಸುಗುಣದಂಥ ತಳಿಯಲ್ಲಿ ನಾಲ್ಕೈದು ಸಲ ಕೊಯ್ಯಬಹುದು. ಪ್ರತಿ ಕೊಯ್ಲಿನ ಮೇಲೆ ಎರಡು ಹಿಡಿ ಎರೆಗೊಬ್ಬರ ಹಾಕಿ. ಒಂದು ಬೇಸಿನ್ನಿನಿಂದ ನಾಲ್ಕು ಜನಕ್ಕೆ ಒಂದು ಹೊತ್ತಿನ ಪಲ್ಯ ಆದೀತು, ಅಷ್ಟೇ. ಮೆಂತ್ಯ ರೊಟ್ಟಿಗೂ ಅದೇ ಲೆಕ್ಕ. ಬೆಂಡೆಯನ್ನು ಬೆರಳುದ್ದಕ್ಕೇ ಕೀಳಬೇಕು, ದೊಡ್ಡದಾಗಲಿ ಎಂದು ಎರಡು ದಿನ ಬಿಟ್ಟರೆ ನಾರು. ಯಾವ ದಿನ ಕೊಯ್ಯುವುದು ಎಂದು ಮಗುವೇ ಹೇಳಲಿ. ಅದು ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನದ ತಟ್ಟೆಯಲ್ಲಿ ಕಾಣಬೇಕು, ಫ್ರಿಜ್ಜಿಗೆ ಹೋಗಬಾರದು.

ರಜೆ ಮುಗಿದು ಮಗು ಹೊರಟಾಗ ಕುಂಡದಲ್ಲಿ ಏನಾದರೂ ಉಳಿದೇ ಇರುತ್ತದೆ. ವಾರಕ್ಕೊಂದು ಫೋಟೋ, ಅದೇ ಜಾಗದಿಂದ, ಪಕ್ಕದಲ್ಲಿ ಅದೇ ಸ್ಟೀಲ್ ಲೋಟ ಇಟ್ಟು ತೆಗೆದು ವಾಟ್ಸಾಪ್ ಮಾಡಿದರೆ ಎಷ್ಟು ಬೆಳೆದಿದೆ ಎಂದು ಅದಕ್ಕೆ ಅಂದಾಜು ಸಿಗುತ್ತದೆ. ಒಂದು ಅಲಸಂದೆ ಅಥವಾ ಹುರುಳಿಕಾಯಿ ಗಿಡದ ಮೂರ್ನಾಲ್ಕು ಕಾಯನ್ನು ಕೀಳದೆ ಬಿಡಿ. ಸಿಪ್ಪೆ ಒಣಗಿ ಅಲ್ಲಾಡಿಸಿದರೆ ಗಲಗಲ ಎನ್ನುವಾಗ ಬಿಡಿಸಿ, ನೆರಳಿನಲ್ಲಿ ಒಂದು ವಾರ ಆರಿಸಿ, ಹಲ್ಲಿಗೆ ಕಟುಮ್ ಎನ್ನುವಷ್ಟು ಒಣಗಿದ ಮೇಲೆ ಗಾಜಿನ ಬಾಟಲಿಯಲ್ಲಿ ಹಾಕಿಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳದಂತೆ ಒಣ ಬೇವಿನ ಎಲೆ ಸೇರಿಸಿ. ಪ್ಯಾಕೆಟ್ ಮೇಲೆ 'ಎಫ್-1' ಅಥವಾ ಹೈಬ್ರಿಡ್ ಎಂದಿದ್ದ ಗಿಡದಿಂದ ಬೀಜ ಹಿಡಿಯಬೇಡಿ, ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ಬಾಟಲಿಯ ಮೇಲೆ ಮಗುವಿನ ಹೆಸರು, ತಿಂಗಳು, ವರ್ಷ ಬರೆದಿಡಿ, ಮುಂದಿನ ವರ್ಷ ಬಿತ್ತುವ ಮುಂಚೆ ಮತ್ತೆ ಹತ್ತು ಬೀಜದ ಪರೀಕ್ಷೆ ಮಾಡಿ.